ಸಿತಾರ್ ಕೆಳಗಿಟ್ಟ ಮೇಲೆ

ಗಿಟಾರ್ ನುಡಿಸುವವನೊಬ್ಬನ ಮೇಲೆ ಮೂರೂವರೆ ಗಂಟೆಯ ಸಾಕ್ಷ್ಯಚಿತ್ರ. ಅದನ್ನು ಮೊದಲ ಸಲ ನೋಡಿ ಮುಗಿಸಿದಾಗ ನನಗೆ ಅವನ ಮನೆ ಗೊತ್ತಿತ್ತು, ತೋಟ ಗೊತ್ತಿತ್ತು, ಅವನು ದೇವರನ್ನು ಹುಡುಕಿದ ಬಗೆ ಗೊತ್ತಿತ್ತು, ಅವನನ್ನು ನೆನೆದು ಗೆಳೆಯರು ಕಣ್ಣೊರೆಸಿಕೊಂಡದ್ದು ಗೊತ್ತಿತ್ತು. ಅವನ ಕೈ ಮಾತ್ರ ಅಷ್ಟಾಗಿ ಗೊತ್ತಾಗಿರಲಿಲ್ಲ. ಇದು ದೂರಲ್ಲ. ಆ ಚಿತ್ರವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಮುಂದೆಯೂ ನೋಡುತ್ತೇನೆ. ಆದರೆ ಪ್ರತಿ ಸಲವೂ ಅದರ ನಟ್ಟನಡುವೆ ಒಂದು ಜಾಗದಲ್ಲಿ ಮನಸ್ಸು ತಡೆಯುತ್ತದೆ. ಆ ಜಾಗದ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಚಿತ್ರದ ಹೆಸರು ‘ಜಾರ್ಜ್ ಹ್ಯಾರಿಸನ್: ಲಿವಿಂಗ್ ಇನ್ ದಿ ಮೆಟೀರಿಯಲ್ ವರ್ಲ್ಡ್’. ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ್ದು, 2011ರಲ್ಲಿ ಬಂತು. ಒಟ್ಟು 208 ನಿಮಿಷ, ಎರಡು ಭಾಗ. ಜಾರ್ಜ್ ಗಿಟಾರ್ ನುಡಿಸುತ್ತಿದ್ದ ಬ್ರಿಟನ್ನಿನ ರಾಕ್ ತಂಡ ಬೀಟಲ್ಸ್ ಒಡೆಯುವ ಕಾಲದವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು. ನಿರ್ಮಾಪಕರಲ್ಲಿ ಜಾರ್ಜ್‌ನ ಪತ್ನಿ ಒಲಿವಿಯಾ ಕೂಡ ಇದ್ದರು. ಹಾಗಾಗಿ ಮನೆಯ ಪೆಟ್ಟಿಗೆಗಳೆಲ್ಲ ತೆರೆದಿವೆ: ಹಳೆಯ ಫೋಟೋಗಳು, ಮನೆಮಂದಿ ತೆಗೆದ ವಿಡಿಯೋಗಳು, ಅಪ್ಪ ಅಮ್ಮನಿಗೆ ಹುಡುಗ ಬರೆದ ಕಾಗದಗಳು. ಆ ಕಾಗದಗಳನ್ನು ಓದುವವನು ಮಗ ಧನಿ. ಸಪ್ತಸ್ವರಗಳ ಧ ಮತ್ತು ನಿ ಸೇರಿಸಿ ಅಪ್ಪ ಇಟ್ಟ ಹೆಸರು ಅದು. ಮುಖವೂ ಅಪ್ಪನದೇ, ದನಿಯೂ ಹೆಚ್ಚು ಕಡಿಮೆ ಅಪ್ಪನದೇ. ಇಪ್ಪತ್ತರ ಹರೆಯದ ಅಪ್ಪನ ಮಾತುಗಳನ್ನು ಮೂವತ್ತು ದಾಟಿದ ಮಗ ಓದುವುದನ್ನು ಕೇಳುವಾಗ ಯಾರು ಯಾರಿಗಿಂತ ದೊಡ್ಡವರು ಎಂಬುದೇ ಮರೆಯುತ್ತದೆ.

ಕಥೆ ಹೇಳುವ ನಿರೂಪಕನ ದನಿ ಚಿತ್ರದಲ್ಲಿಲ್ಲ. ಇವನು ಇಂಥ ವರ್ಷ ಹುಟ್ಟಿದ, ಇಂಥಲ್ಲಿ ಓದಿದ ಎಂದು ಯಾರೂ ಪಾಠ ಒಪ್ಪಿಸುವುದಿಲ್ಲ. ತಂಡದ ಜೊತೆಗಾರರಾದ ಪಾಲ್ ಮೆಕಾರ್ಟ್ನಿ, ರಿಂಗೋ ಸ್ಟಾರ್, ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್, ಹ್ಯಾಂಬರ್ಗ್ ದಿನಗಳ ಗೆಳೆಯ ಕ್ಲೌಸ್ ಫೋರ್ಮನ್, ಆ ಕಾಲದ ಛಾಯಾಗ್ರಾಹಕಿ ಆಸ್ಟ್ರಿಡ್ ಕಿರ್ಶರ್, ಕಾರ್ ರೇಸಿನ ಜಾಕಿ ಸ್ಟೀವರ್ಟ್, ನಗೆನಾಟಕದ ಎರಿಕ್ ಐಡಲ್, ಪಂಡಿತ್ ರವಿಶಂಕರ್ ಹೀಗೆ ಅವನ ಹತ್ತಿರದವರು ತಮಗೆ ಕಂಡಷ್ಟು ಹೇಳುತ್ತಾರೆ. ಹೊರಗಿನವರಿಗೆ ಕೆಲವು ಕಡೆ ದಾರಿ ತಪ್ಪುತ್ತದೆ, ನಿಜ. ಬೀಟಲ್ಸ್ ಕಥೆಯೇ ಗೊತ್ತಿಲ್ಲದವರಿಗೆ ಮೊದಲ ಒಂದು ಗಂಟೆ ಕಷ್ಟವಾಗಬಹುದು. ಆದರೆ ಈ ಬಿಡಿಬಿಡಿ ಮಾತುಗಳಿಂದ ಕಟ್ಟಿದ ಮನುಷ್ಯ, ಇಸವಿಗಳ ಸಾಲಿನಿಂದ ಕಟ್ಟಿದವನಿಗಿಂತ ಹೆಚ್ಚು ಜೀವಂತವಾಗಿದ್ದಾನೆ.

ಲಿವರ್‌ಪೂಲಿನ ಆರ್ನಲ್ಡ್ ಗ್ರೋವ್ ಎಂಬ ಓಣಿಯ ಪುಟ್ಟ ಮನೆಯಲ್ಲಿ, 1943ರ ಫೆಬ್ರುವರಿಯಲ್ಲಿ, ಬಸ್ ಕಂಡಕ್ಟರನ ಕೊನೆಯ ಮಗನಾಗಿ ಹುಟ್ಟಿದವನು ಜಾರ್ಜ್. ಹದಿನೇಳಕ್ಕೆ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯೆಲ್ಲ ನುಡಿಸುತ್ತಿದ್ದ. ವಯಸ್ಸು ಸಾಲದೆಂದು ಪೊಲೀಸರು ಅವನನ್ನು ಊರಿಗೆ ಹಿಂದಕ್ಕೆ ಕಳಿಸಿದರು. ಬೀಟಲ್ಸ್ ಜಗತ್ತನ್ನೇ ಹುಚ್ಚು ಹಿಡಿಸಿದಾಗ ಅವನಿಗಿನ್ನೂ ಇಪ್ಪತ್ತು, ಇಪ್ಪತ್ತೊಂದು. ನಾಲ್ವರಲ್ಲಿ ಕಿರಿಯ, ಪಾಲ್ ಮತ್ತು ಜಾನ್ ಲೆನನ್ ಎಂಬ ಇಬ್ಬರು ಮಹಾ ಹಾಡುಗಟ್ಟಿಗರ ನಡುವೆ ಜಾಗ ಹುಡುಕಿಕೊಳ್ಳಬೇಕಾದವನು. ಆ ಜಾಗವನ್ನು ಅವನು ಹುಡುಕಿಕೊಂಡ ಬಗೆಯನ್ನು ಚಿತ್ರದಲ್ಲಿ ಪಾಲ್ ಚೆನ್ನಾಗಿ ಹೇಳುತ್ತಾನೆ. ‘ಆ್ಯಂಡ್ ಐ ಲವ್ ಹರ್’ ಹಾಡು ಬರೆದದ್ದು ತಾನು. ಅದರ ತಲೆಬಾಗಿಲಿನಂಥ ನಾಲ್ಕು ಸ್ವರಗಳ ತುಣುಕನ್ನು ಮಾತ್ರ ಜಾರ್ಜ್ ತಂದು ಸೇರಿಸಿದ. ಆ ನಾಲ್ಕು ಸ್ವರ ತೆಗೆದರೆ ಹಾಡಿನಲ್ಲಿ ಏನು ಉಳಿಯುತ್ತದೆ ಎನ್ನುವ ಅರ್ಥದಲ್ಲಿ ಪಾಲ್ ಮಾತಾಡುತ್ತಾನೆ. ಇಡೀ ಚಿತ್ರದಲ್ಲಿ ಜಾರ್ಜ್‌ನ ಬೆರಳುಗಳ ಬಗ್ಗೆ ಬರುವ ಅತ್ಯಂತ ನಿಖರವಾದ ಮಾತು ಇದು. ಅವನು ಉದ್ದುದ್ದ ಬಾರಿಸುವವನಲ್ಲ. ಹಾಡಿಗೆ ಏನು ಬೇಕೋ ಅದನ್ನು ಹುಡುಕಿ, ಅಷ್ಟನ್ನೇ ಇಟ್ಟು, ಕೈ ತೆಗೆಯುವವನು.

ಇನ್ನು ಸಿತಾರಿನ ವಿಷಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1965ರ ಅಕ್ಟೋಬರ್. ‘ನಾರ್ವೇಜಿಯನ್ ವುಡ್’ ಹಾಡಿನ ಧ್ವನಿಮುದ್ರಣ. ಜಾರ್ಜ್ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಇಂಡಿಯಾಕ್ರಾಫ್ಟ್ ಎಂಬ ಅಂಗಡಿಯಿಂದ ಕೊಂಡಿದ್ದ ಸಾಧಾರಣ ಸಿತಾರನ್ನು ಗಿಟಾರಿನಂತೆಯೇ ನುಡಿಸಿದ. ನಡುವೆ ತಂತಿ ಕಡಿಯಿತು. ಲಂಡನ್ನಿನಲ್ಲಿ ಸಿತಾರ್ ತಂತಿ ಯಾರ ಹತ್ತಿರ ಸಿಕ್ಕೀತು ಎಂದು ವಿಚಾರಿಸಿದಾಗ ಸಿಕ್ಕ ಹೆಸರು ಅಯನ ಅಂಗಡಿ.

ಅಯನ ದೇವ ಅಂಗಡಿ ಇಂದಿನ ಕರ್ನಾಟಕದ ಜಕನೂರು ಎಂಬ ಹಳ್ಳಿಯಲ್ಲಿ 1903ರಲ್ಲಿ ಹುಟ್ಟಿದವರು. 1920ರ ದಶಕದಲ್ಲಿ ಓದಿಗೆಂದು ಲಂಡನ್ನಿಗೆ ಹೋದವರು ಅಲ್ಲೇ ಉಳಿದರು. ಎಡಪಂಥೀಯ ಲೇಖಕರಾದರು, ಭಾಷಣಕಾರರಾದರು. ಇಂಗ್ಲಿಷ್ ಚಿತ್ರಕಲಾವಿದೆ ಪೆಟ್ರೀಷಿಯಾರನ್ನು ಮದುವೆಯಾದರು. ಇಬ್ಬರೂ ಸೇರಿ 1946ರಲ್ಲಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ಕಟ್ಟಿದರು. ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅದರ ಅಧ್ಯಕ್ಷರಾಗಿದ್ದರು. ಭಾರತದ ಸಂಗೀತ, ನೃತ್ಯ ಬ್ರಿಟನ್ನಿನ ವೇದಿಕೆ ಏರಿದ ದಾರಿಯಲ್ಲಿ ಈ ದಂಪತಿಯ ಹೆಜ್ಜೆಗಳಿವೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗ ಲಂಡನ್ನಿನಲ್ಲಿ ಬೇರೂರುವುದಕ್ಕೂ ಈ ಸಂಸ್ಥೆ ನೆರವಾಯಿತು. ಬೀಟಲ್ಸ್ ಸ್ಟುಡಿಯೋಗೆ ಸಿತಾರ್ ತಂತಿ ಹೋದದ್ದು ಫಿಂಚ್ಲಿಯ ಇವರ ಮನೆಯಿಂದ. ಮುಂದೆ ‘ಲವ್ ಯೂ ಟು’ ಹಾಡಿಗೆ ತಬಲಾ ನುಡಿಸಲು ಅನಿಲ್ ಭಾಗವತ್ ಬಂದದ್ದು, 1967ರ ‘ವಿದಿನ್ ಯೂ ವಿದೌಟ್ ಯೂ’ ಹಾಡಿಗೆ ಭಾರತೀಯ ವಾದಕರು ಸೇರಿದ್ದು ಇವರ ಬಳಗದಿಂದಲೇ. 1966ರ ಜೂನ್‌ನಲ್ಲಿ ಜಾರ್ಜ್ ಮೊದಲ ಬಾರಿಗೆ ರವಿಶಂಕರರನ್ನು ಕಂಡದ್ದೂ ಇವರ ಮನೆಯಲ್ಲಿಯೇ.

ಕರ್ನಾಟಕದ ಹಳ್ಳಿಯೊಂದರಿಂದ ಹೊರಟ ಮನುಷ್ಯನ ಮನೆಯ ಕೋಣೆಯಲ್ಲಿ ಇಪ್ಪತ್ತನೆಯ ಶತಮಾನದ ಸಂಗೀತದ ದಿಕ್ಕು ಒಂದಿಷ್ಟು ತಿರುಗಿತು. ಇದನ್ನು ಕನ್ನಡದಲ್ಲಿ ನಾವು ಇನ್ನಷ್ಟು ಹೇಳಿಕೊಳ್ಳಬೇಕಿತ್ತು. ಚಿತ್ರ ಈ ಮನೆಯ ಬಾಗಿಲಲ್ಲಿ ನಿಲ್ಲುವುದಿಲ್ಲ, ನೇರ ರವಿಶಂಕರರ ಬಳಿಗೆ ಸಾಗುತ್ತದೆ. ದೊಡ್ಡ ಹೆಸರುಗಳ ಕಥೆಯಲ್ಲಿ ಪರಿಚಯ ಮಾಡಿಸಿದವರು ಹಿಂದಕ್ಕೆ ಸರಿಯುವುದು ಸಾಮಾನ್ಯ. ಆದರೂ ನನಗೆ ಅಯನ ಅಂಗಡಿಯವರ ಮನೆಯ ಆ ಸಂಜೆ ಬೇಕು. ಪೆಟ್ರೀಷಿಯಾ, ಜಾರ್ಜ್ ಮತ್ತು ಅವನ ಆಗಿನ ಪತ್ನಿ ಪ್ಯಾಟಿಯನ್ನು ಎದುರಿಗೆ ಕೂರಿಸಿ ಚಿತ್ರ ಬರೆದದ್ದು ಬೇಕು. ಅಷ್ಟು ಪ್ರಸಿದ್ಧನಾದ ಹುಡುಗ ಒಬ್ಬ ವಲಸಿಗನ ಮನೆಗೆ ಕಲಿಯುವವನಾಗಿ ಬಂದು ಕೂತಾಗ ಹೇಗಿದ್ದ ಎಂದು ನೋಡಬೇಕು.

ರವಿಶಂಕರರಿಗೆ ಆಗ ನಲವತ್ತಾರು, ಜಾರ್ಜ್‌ಗೆ ಇಪ್ಪತ್ಮೂರು. ‘ನಾರ್ವೇಜಿಯನ್ ವುಡ್’ನ ಸಿತಾರ್ ಅವರಿಗೆ ಹಿಡಿಸಿರಲಿಲ್ಲ. ಆದರೂ ಹುಡುಗನ ಶ್ರದ್ಧೆ ನೋಡಿ ಕಲಿಸಲು ಒಪ್ಪಿದರು. ಮೊದಮೊದಲ ಪಾಠವೊಂದರಲ್ಲಿ ಫೋನ್ ಬಾರಿಸಿತು. ಜಾರ್ಜ್ ಸಿತಾರನ್ನು ನೆಲದ ಮೇಲಿಟ್ಟು, ಅದನ್ನು ದಾಟಿ ಹೊರಟ. ರವಿಶಂಕರ್ ಅವನ ಕಾಲಿಗೆ ಒಂದೇಟು ಹಾಕಿ, ವಾದ್ಯಕ್ಕೆ ಮರ್ಯಾದೆ ಕೊಡುವುದನ್ನು ಮೊದಲು ಕಲಿ ಎಂದರು. ಇದನ್ನು ಜಾರ್ಜ್ ತಾನೇ ಹೇಳಿಕೊಂಡಿದ್ದಾನೆ, ಅವಮಾನವೆಂದಲ್ಲ, ಪಡೆದ ಮೊದಲ ಪಾಠವೆಂದು. ನಮ್ಮಲ್ಲಿ ವೀಣೆ, ತಂಬೂರಿ ಇರುವ ಮನೆಯ ಮಕ್ಕಳಿಗೆ ಈ ಏಟು ಹೊಸದಲ್ಲ. ಪುಸ್ತಕ ಕಾಲಿಗೆ ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಆದರೆ ಇಡೀ ಜಗತ್ತು ಕಾಲಿಗೆ ಬೀಳುತ್ತಿದ್ದ ಹುಡುಗ ಆ ಏಟನ್ನು ಒಪ್ಪಿಕೊಂಡದ್ದು ದೊಡ್ಡದು.

1966ರ ಸೆಪ್ಟೆಂಬರ್‌ನಲ್ಲಿ ಜಾರ್ಜ್ ಪ್ಯಾಟಿಯೊಂದಿಗೆ ಬೊಂಬಾಯಿಗೆ ಬಂದ. ಹೆಸರು ಮರೆಸಿ ತಾಜ್ ಹೋಟೆಲಿನಲ್ಲಿ ಉಳಿದರೂ ಸುದ್ದಿ ಹಬ್ಬಿ ಜನ ಸೇರಿದರು. ಗುರು ಶಿಷ್ಯರು ಕಾಶ್ಮೀರಕ್ಕೆ ಹೋಗಿ ದೋಣಿಮನೆಯಲ್ಲಿ ಪಾಠ ಮುಂದುವರಿಸಿದರು. ಕುರ್ಚಿಯಲ್ಲೇ ಬೆಳೆದ ದೇಹಕ್ಕೆ ನೆಲದ ಮೇಲೆ ಕೂರುವುದೇ ಒಂದು ಸಾಧನೆ. ಅದಕ್ಕಾಗಿ ಯೋಗಾಸನಗಳನ್ನೂ ಕಲಿತ.

ಚಿಕ್ಕಂದಿನಲ್ಲಿ ಧಾರವಾಡದಲ್ಲಿ ನಾನೂ ಸಿತಾರ್ ಕಲಿಯಲು ಹೋಗುತ್ತಿದ್ದೆ. ಹಾಗಾಗಿ ಈ ಭಾಗ ನನಗೆ ದೂರದ ದೇಶದ ಸುದ್ದಿಯಲ್ಲ. ಎಡಗಾಲಿನ ಪಾದದ ಮೇಲೆ ಸಿತಾರಿನ ಬುಡದ ಕುಂಬಳ ಕೂರಿಸಿಕೊಂಡು ಕೂತರೆ ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಬಲಗೈ ತೋರುಬೆರಳಿಗೆ ತಂತಿ ಮೀಟುವ ಮಿಜರಾಬ್ ಬಿಗಿಯಾಗಿ ಗುರುತು ಬೀಳುತ್ತಿತ್ತು. ಎಡಗೈಯ ಎರಡು ಬೆರಳ ತುದಿಯಲ್ಲಿ ತಂತಿ ಕೊರೆದ ಗೆರೆ. ಎಲ್ಲಕ್ಕಿಂತ ಕಷ್ಟ ಮೀಂಡ್. ಪರದೆಯ, ಅಂದರೆ ವಾದ್ಯದ ಕೊರಳಿನ ಲೋಹದ ಪಟ್ಟಿಯ, ಮೇಲೆ ತಂತಿ ಒತ್ತಿಕೊಂಡೇ ಅಡ್ಡಕ್ಕೆ ಎಳೆಯಬೇಕು, ಒಂದು ಸ್ವರದಿಂದ ಮೇಲಿನ ಸ್ವರಕ್ಕೆ, ಅಲ್ಲಿಂದ ಇನ್ನೂ ಮೇಲಕ್ಕೆ. ಎಷ್ಟು ಎಳೆದರೆ ಸ್ವರ ಸಿಗುತ್ತದೆಂಬ ಗುರುತು ವಾದ್ಯದ ಮೇಲೆ ಎಲ್ಲೂ ಇಲ್ಲ. ಕಿವಿಯಲ್ಲಿ ಸ್ವರ ಮೊದಲೇ ಇರಬೇಕು, ಬೆರಳು ಅಲ್ಲಿಗೆ ಹೋಗಿ ಸೇರಬೇಕು. ಕೂದಲೆಳೆ ಹೆಚ್ಚು ಕಡಿಮೆಯಾದರೂ ಮಾಸ್ತರು ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸುತ್ತಿದ್ದರು. ಓದು, ಕೆಲಸ ಎಂದು ನಾನು ಊರು ಬಿಟ್ಟೆ, ಸಿತಾರ್ ಮನೆಯಲ್ಲೇ ಉಳಿಯಿತು. ಮೀಂಡ್ ಮಾತ್ರ ಕಿವಿಯಲ್ಲಿ ಉಳಿದುಕೊಂಡಿದೆ. ಯಾರು ಯಾವ ಹಾಡು ಹಾಡಿದರೂ ಒಂದು ಸ್ವರದಿಂದ ಇನ್ನೊಂದಕ್ಕೆ ಹೇಗೆ ಹೋದರು ಎಂಬುದನ್ನೇ ಮೊದಲು ಕೇಳುತ್ತೇನೆ.

ಜಾರ್ಜ್ ಕೂಡ ಸಿತಾರ್ ಕೆಳಗಿಟ್ಟ. 1968ರಲ್ಲಿ. ಆ ವರ್ಷದ ಜನವರಿಯಲ್ಲಿ ಬೊಂಬಾಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ ನಮ್ಮ ವಾದಕರನ್ನು ಸೇರಿಸಿ ಒಂದು ಚಿತ್ರಕ್ಕೆ ಸಂಗೀತ ಮಾಡಿದ್ದ. ‘ದಿ ಇನ್ನರ್ ಲೈಟ್’ ಹಾಡಿನ ವಾದ್ಯಭಾಗವೂ ಅಲ್ಲೇ ಆಯಿತು. ಆಮೇಲೆ ರಿಷಿಕೇಶ. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ರವಿಶಂಕರರ ಜೊತೆಗಿದ್ದಾಗ ಅವರು, ನಿನ್ನ ಬೇರು ಎಲ್ಲಿದೆ ಎಂದು ಕೇಳಿದರು. ಯೋಚಿಸಿದಾಗ ಅವನಿಗೆ ನೆನಪಾದದ್ದು ಲಿವರ್‌ಪೂಲಿನ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ಯಾರದೋ ಮನೆಯಿಂದ ಕೇಳಿಬಂದ ಎಲ್ವಿಸ್ ಪ್ರೆಸ್ಲಿಯ ‘ಹಾರ್ಟ್‌ಬ್ರೇಕ್ ಹೋಟೆಲ್’. ಊರಿಗೆ ಮರಳುವ ದಾರಿಯಲ್ಲಿ ನ್ಯೂಯಾರ್ಕಿನಲ್ಲಿ ಇಳಿದುಕೊಂಡ ಹೋಟೆಲಿನಲ್ಲೇ ಎರಿಕ್ ಕ್ಲಾಪ್ಟನ್, ಜಿಮಿ ಹೆಂಡ್ರಿಕ್ಸ್ ಎಂಬ ಇಬ್ಬರು ದೊಡ್ಡ ಗಿಟಾರ್ ವಾದಕರೂ ಇದ್ದರು. ಭಾರತದಲ್ಲಿ ಎಷ್ಟೋ ಮಂದಿ ಅದ್ಭುತ ಸಿತಾರ್ ವಾದಕರಿದ್ದಾರೆ, ಅವರ ಸಾಲಿಗೆ ಸೇರಬೇಕಿದ್ದರೆ ತಾನು ಹದಿನೈದು ವರ್ಷ ಮೊದಲೇ ಶುರು ಮಾಡಬೇಕಿತ್ತು ಎಂದು ಅವನಿಗೆ ತಿಳಿಯಿತು. ಗಿಟಾರಿಗೆ ಮರಳಿದ. ಆ ಬೇಸಿಗೆಯಲ್ಲೇ ಕ್ಲಾಪ್ಟನ್ ಅವನಿಗೊಂದು ಕೆಂಪು ಲೆಸ್ ಪಾಲ್ ಗಿಟಾರ್ ಕೊಟ್ಟ. ಸೆಪ್ಟೆಂಬರ್‌ನಲ್ಲಿ ‘ವೈಲ್ ಮೈ ಗಿಟಾರ್ ಜೆಂಟ್ಲಿ ವೀಪ್ಸ್’ ಹಾಡಿನಲ್ಲಿ ಆ ಗಿಟಾರನ್ನೇ ಹಿಡಿದು ನುಡಿಸಿದವನು ಕ್ಲಾಪ್ಟನ್. ತನ್ನದೇ ಹಾಡಿನ ಅಳುವ ಗಿಟಾರನ್ನು ಜಾರ್ಜ್ ಗೆಳೆಯನ ಕೈಗೆ ಕೊಟ್ಟಿದ್ದ.

ನನ್ನ ಮನಸ್ಸು ತಡೆಯುವ ಜಾಗ ಇದು. ಸಿತಾರ್ ಬಿಟ್ಟದ್ದನ್ನು ಜೀವನಚರಿತ್ರೆಗಳು ಒಂದು ಅಧ್ಯಾಯ ಮುಗಿದಂತೆ ಹೇಳುತ್ತವೆ: ಹುಡುಗ ಪೂರ್ವಕ್ಕೆ ಹೋದ, ವಾದ್ಯ ದಕ್ಕಲಿಲ್ಲ, ದೇವರು ದಕ್ಕಿದ, ಮರಳಿ ಬಂದ. ಚಿತ್ರವೂ ಹೆಚ್ಚು ಕಡಿಮೆ ಈ ದಾರಿ ಹಿಡಿಯುತ್ತದೆ. ಅದಕ್ಕೆ ಅವನ ಆತ್ಮದ ಮೇಲೆ ಕಣ್ಣು. ನನ್ನ ನಂಬಿಕೆ ಬೇರೆ. ವಾದ್ಯವೂ ದಕ್ಕಿತು, ಬೇರೆ ವಾದ್ಯದಲ್ಲಿ.

1969ರ ಡಿಸೆಂಬರ್‌ನಲ್ಲಿ ಡೆಲೇನಿ ಮತ್ತು ಬಾನಿ ಎಂಬ ಅಮೆರಿಕದ ದಂಪತಿಯ ತಂಡದ ಜೊತೆ ಜಾರ್ಜ್ ಊರೂರು ಸುತ್ತಿದ. ತಂಡದ ಸ್ಲೈಡ್ ವಾದಕ ಬಿಟ್ಟುಹೋಗಿದ್ದರಿಂದ ಆ ಭಾಗ ನುಡಿಸು ಎಂದು ಡೆಲೇನಿ ಇವನಿಗೆ ಹೇಳಿದ. ಸ್ಲೈಡ್ ಎಂದರೆ ಬೆರಳಿಗೆ ಗಾಜಿನ ಇಲ್ಲವೇ ಲೋಹದ ಕೊಳವೆ ತೊಟ್ಟು, ತಂತಿಯನ್ನು ಪರದೆಗೆ ಒತ್ತದೆ, ಆ ಕೊಳವೆಯನ್ನು ತಂತಿಯ ಮೇಲೆ ಜಾರಿಸುವುದು. ಆಗ ಗಿಟಾರಿನ ಪರದೆಗಳು ಇದ್ದೂ ಇಲ್ಲದಂತೆ. ಸ್ವರ ಎಲ್ಲಿದೆಯೆಂದು ಕಿವಿಯೇ ಹೇಳಬೇಕು. ನಮ್ಮ ಗೋಟುವಾದ್ಯ, ವಿಚಿತ್ರವೀಣೆಗಳು ನಡೆಯುವುದು ಹೀಗೆಯೇ. ಮೀಂಡ್‌ಗಾಗಿ ಎರಡು ವರ್ಷ ಬೆರಳು ಕೊರೆಸಿಕೊಂಡವನಿಗೆ, ಸ್ವರಗಳ ನಡುವಿನ ಜಾಗದಲ್ಲಿ ಓಡಾಡುವುದನ್ನು ರವಿಶಂಕರರ ಎದುರು ಕೂತು ಕಲಿತವನಿಗೆ, ಈ ಕೊಳವೆ ಎಲ್ಲಿಗೆ ದಾರಿ ತೆರೆದಿರಬೇಕು!

ಅಲ್ಲಿಯವರೆಗಿನ ರಾಕ್ ಸ್ಲೈಡ್ ಬಹುಪಾಲು ಬ್ಲೂಸ್‌ನದು. ಮಿಸಿಸಿಪಿಯ ಕರಿಯರ ಸಂಗೀತದಿಂದ ಬಂದ ಬಿರುಸು, ಕೊಂಕು, ಕೊರಗು ಅದರಲ್ಲಿವೆ. ಅಮೆರಿಕದ ಗಿಟಾರ್ ವಾದಕ ಡ್ವೇನ್ ಆಲ್ಮನ್ ಕೈಯಲ್ಲಿ ಅದು ಕೂಗಿ ಕರೆಯುತ್ತದೆ. ಜಾರ್ಜ್‌ನ ಸ್ಲೈಡ್ ಕೂಗುವುದಿಲ್ಲ, ಹಾಡುತ್ತದೆ. 1970ರ ‘ಮೈ ಸ್ವೀಟ್ ಲಾರ್ಡ್’ ತೆಗೆದುಕೊಳ್ಳಿ. ಹಲವು ಗಿಟಾರುಗಳು ಒಟ್ಟಾಗಿ ಎರಡು ಕಾರ್ಡುಗಳ, ಅಂದರೆ ಸ್ವರಗುಚ್ಛಗಳ, ನಡುವೆ ತೂಗುತ್ತಿರುತ್ತವೆ. ಆ ತೂಗಾಟದ ಮೇಲೆ ಸ್ಲೈಡ್ ಇಳಿಯುತ್ತದೆ, ಎರಡು ಎಳೆಗಳು ಜೊತೆಜೊತೆಯಾಗಿ. ಸ್ವರಕ್ಕೆ ಕೆಳಗಿನಿಂದ ಬಂದು ತಲುಪುತ್ತದೆ, ತಲುಪಿದ ಮೇಲೆ ಅಲ್ಲೇ ನಿಲ್ಲುತ್ತದೆ, ಅವಸರವಿಲ್ಲದೆ ಮುಂದಿನದಕ್ಕೆ ಜಾರುತ್ತದೆ. ಎಷ್ಟು ಸ್ವರ ಎಂಬುದಲ್ಲ, ಪ್ರತಿ ಸ್ವರಕ್ಕೆ ಹೇಗೆ ಬಂದ ಎಂಬುದು ಅಲ್ಲಿ ಸಂಗೀತ. ಹಾಡಿನ ಕೊನೆಯಲ್ಲಿ ಹಲ್ಲೆಲೂಯ ಹೋಗಿ ಹರೇ ಕೃಷ್ಣ ಬರುತ್ತದೆ, ಅದರ ಹಿಂದೆಯೇ ನಾವು ಶಾಲೆಯ ಪ್ರಾರ್ಥನೆಯಲ್ಲಿ ಹೇಳುತ್ತಿದ್ದ ‘ಗುರುರ್ಬ್ರಹ್ಮ ಗುರುರ್ವಿಷ್ಣು’. ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿದ ಹಾಡಿನಲ್ಲಿ ಗುರುವಂದನೆ. ಈ ಹಾಡಿನ ರಾಗ ಹಳೆಯ ಇನ್ನೊಂದು ಹಾಡಿನದೆಂದು ಮೊಕದ್ದಮೆ ನಡೆದು, ಅರಿವಿಲ್ಲದೆಯೇ ನಕಲಾಗಿದೆ ಎಂದು 1976ರಲ್ಲಿ ತೀರ್ಪು ಬಂತು. ಅದು ಇರಲಿ. ಆ ಸ್ಲೈಡ್ ಯಾರದೂ ನಕಲಲ್ಲ.

ಹೀಗೆ ಕೇಳಿದವಳು ನಾನೊಬ್ಬಳೇ ಅಲ್ಲ. ಅವನ ಸ್ಲೈಡ್‌ನಲ್ಲಿ ಭಾರತದ ಸಂಗೀತದ ನೆರಳಿದೆ ಎಂದು ಬರೆದ ವಿಮರ್ಶಕರು ಅನೇಕರಿದ್ದಾರೆ. ಆದರೆ ನನಗೆ ಬೇಕಿದ್ದ ಸಾಕ್ಷಿ ಬೇರೆ. ಊರಿಗೆ ಹೋದಾಗ ನನ್ನ ಹಳೆಯ ಮಾಸ್ತರಿಗೆ 1973ರ ‘ಗಿವ್ ಮಿ ಲವ್’ ಕೇಳಿಸಿದೆ. ಹಾಡುಗಾರ ಯಾರೆಂದು ಹೇಳಲಿಲ್ಲ. ಮೊದಲಿನ ಸ್ಲೈಡ್ ಮುಗಿಯುವಷ್ಟರಲ್ಲಿ ಅವರು ಕೈಯೆತ್ತಿ ನಿಲ್ಲಿಸಿದರು. “ಇಂವಗ ಮೀಂಡ್ ಗೊತ್ತದ ನೋಡು ತಂಗಿ” ಅಂದರು. “ಎಳದ ಮ್ಯಾಲೆ ಸ್ವರದ ಮ್ಯಾಲೆ ನಿಲ್ತಾನ. ಗಿಟಾರದವ್ರು ಅಲ್ಲೇ ಗಡಬಡ ಮಾಡ್ತಾರ.” ಯಾರ ಕಡೆ ಕಲಿತಾನ ಎಂದು ಕೇಳಿದರು. ರವಿಶಂಕರ್ ಎಂದೆ. “ಹಂಗಾರ ಸರಿ” ಎಂದು ಮತ್ತೆ ಹಚ್ಚಲು ಹೇಳಿದರು.

ಇದನ್ನೇ ಚಿತ್ರ ತೋರಿಸಬಹುದಿತ್ತು. 1968ರ ಬೇಸಿಗೆಯಿಂದ 1970ರ ಕೊನೆಯವರೆಗಿನ ಎರಡೂವರೆ ವರ್ಷ ಈ ಕೈಯಲ್ಲಿ ಏನಾಯಿತು ಎಂಬುದನ್ನು. ಸ್ಕಾರ್ಸೆಸಿ ಸಂಗೀತ ಬಲ್ಲ ನಿರ್ದೇಶಕ. ವಾದಕರ ಬೆರಳು, ಬೆವರು, ಒಬ್ಬರು ಇನ್ನೊಬ್ಬರತ್ತ ಎಸೆಯುವ ನೋಟ ಇವನ್ನೆಲ್ಲ ಹೇಗೆ ಹಿಡಿಯಬೇಕೆಂದು ಅವನಿಗೆ ಬೇರಾರಿಗಿಂತ ಚೆನ್ನಾಗಿ ಗೊತ್ತು. ಇಲ್ಲಿ ಅವನು ಬೇರೆ ಪ್ರಶ್ನೆ ಹಿಡಿದುಕೊಂಡ. ಎಲ್ಲವೂ ಸಿಕ್ಕ ಮನುಷ್ಯ ಇನ್ನೇನನ್ನು ಹುಡುಕುತ್ತಾನೆ ಎಂಬ ಪ್ರಶ್ನೆ. ಅದು ದೊಡ್ಡದೇ. ಆದರೆ ಜಾರ್ಜ್‌ನ ಹುಡುಕಾಟಕ್ಕೆ ಸಿಕ್ಕ ಉತ್ತರಗಳಲ್ಲಿ ಒಂದು ಅವನ ಎಡಗೈಯಲ್ಲಿತ್ತು ಎಂದು ನನಗೆ ಅನಿಸುತ್ತದೆ.

ಎರಡನೆಯ ಭಾಗದಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ನಡೆದ ಸಂಗೀತ ಕಛೇರಿ ಬರುತ್ತದೆ. 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಒಂದೇ ದಿನ ಎರಡು ಕಛೇರಿ. ನಿರಾಶ್ರಿತರಿಗಾಗಿ ಏನಾದರೂ ಮಾಡಬೇಕೆಂದು ರವಿಶಂಕರ್ ಕೇಳಿಕೊಂಡರು. ಜಾರ್ಜ್ ಕೆಲವೇ ವಾರಗಳಲ್ಲಿ ಗೆಳೆಯರನ್ನು ಒಟ್ಟುಗೂಡಿಸಿದ. ಮೊದಲು ವೇದಿಕೆಯೇರಿದವರು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ ಮತ್ತು ತಂಬೂರಿಯಲ್ಲಿ ಕಮಲಾ ಚಕ್ರವರ್ತಿ. ಶ್ರುತಿ ಮಾಡಿಕೊಂಡದ್ದಕ್ಕೇ ಸಭೆ ಚಪ್ಪಾಳೆ ತಟ್ಟಿತು. ಶ್ರುತಿಯೇ ಇಷ್ಟು ಹಿಡಿಸಿದ್ದರೆ ನುಡಿಸುವುದು ಇನ್ನೂ ಹಿಡಿಸೀತು ಎಂದು ರವಿಶಂಕರ್ ಹೇಳಿದರು. ಟಿಕೆಟ್ಟಿನಿಂದ ಬಂದ ಸುಮಾರು 2,43,000 ಡಾಲರ್ ಯುನಿಸೆಫ್‌ಗೆ ಹೋಯಿತು. ಧ್ವನಿಮುದ್ರಿಕೆ ಮತ್ತು ಚಲನಚಿತ್ರದ ಹಣ ತೆರಿಗೆಯ ತೊಡಕಿನಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಕಾಯಿತು. ಸಂಕಟದಲ್ಲಿರುವವರಿಗಾಗಿ ರಾಕ್ ತಾರೆಯರು ಹೀಗೆ ಒಟ್ಟಾಗಿ ನಿಲ್ಲುವ ರೂಢಿಗೆ ನಾಂದಿ ಹಾಡಿದ್ದು ಈ ಕಛೇರಿ.

1974ರಲ್ಲಿ ಜಾರ್ಜ್ ರವಿಶಂಕರರ ಬಳಗವನ್ನೇ ಜೊತೆಗೆ ಕಟ್ಟಿಕೊಂಡು ಉತ್ತರ ಅಮೆರಿಕ ಸುತ್ತಿದ. ಹರಿಪ್ರಸಾದ್ ಚೌರಾಸಿಯಾ, ಶಿವಕುಮಾರ್ ಶರ್ಮಾ, ಸುಲ್ತಾನ್ ಖಾನ್, ಲಕ್ಷ್ಮೀ ಶಂಕರ್, ಎಲ್. ಸುಬ್ರಮಣ್ಯಂ, ಟಿ.ವಿ. ಗೋಪಾಲಕೃಷ್ಣನ್, ಅಲ್ಲಾ ರಖಾ. ಎಂಥ ತಂಡ! ಬೀಟಲ್ಸ್ ಹಾಡು ಕೇಳಲು ಬಂದಿದ್ದ ಜನರಲ್ಲಿ ಬಹಳಷ್ಟು ಮಂದಿಗೆ ಅದು ಬೇಕಿರಲಿಲ್ಲ. ಜಾರ್ಜ್‌ನ ಗಂಟಲು ಕಟ್ಟಿತ್ತು, ಪತ್ರಿಕೆಗಳು ಕಟುವಾಗಿ ಬರೆದವು. ಆಮೇಲೆ ಬಹುಕಾಲ ಅವನು ಪ್ರವಾಸದ ಗೋಜಿಗೇ ಹೋಗಲಿಲ್ಲ.

ಅಲ್ಲಿಂದ ಮುಂದೆ ಚಿತ್ರ ತೋಟದೊಳಕ್ಕೆ ಹೋಗುತ್ತದೆ. ಹೆನ್ಲಿ ಆನ್ ಥೇಮ್ಸ್ ಊರಿನ ಫ್ರೈಯರ್ ಪಾರ್ಕ್ ಎಂಬ ಹಾಳುಬಿದ್ದ ಮಹಲನ್ನು ಜಾರ್ಜ್ 1970ರಲ್ಲಿ ಕೊಂಡಿದ್ದ. ಮನೆಗಿಂತ ತೋಟಕ್ಕೆ ಹೆಚ್ಚು ದುಡಿದ. 1980ರಲ್ಲಿ ಬಂದ ತನ್ನ ಪುಸ್ತಕವನ್ನು ಎಲ್ಲ ಊರಿನ ತೋಟಗಾರರಿಗೆ ಅರ್ಪಿಸಿದ. ಅಪ್ಪ ನಡುರಾತ್ರಿಯವರೆಗೂ ತೋಟದಲ್ಲಿರುತ್ತಿದ್ದ, ಬೆಳದಿಂಗಳಿನಲ್ಲಿ ಕಳೆಯೂ ಕೊರತೆಯೂ ಕಾಣುವುದಿಲ್ಲವೆಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಎಂದು ಧನಿ ನೆನೆಯುತ್ತಾನೆ. ಗೆಳೆಯರ ಚಿತ್ರವೊಂದಕ್ಕೆ ದುಡ್ಡು ನಿಂತುಹೋದಾಗ ಈ ಮನೆಯನ್ನೇ ಒತ್ತೆಯಿಟ್ಟು ಹಣ ಹೂಡಿದ, ಅದನ್ನು ತೆರೆಯ ಮೇಲೆ ನೋಡಬೇಕೆಂಬ ಒಂದೇ ಆಸೆಗೆ. ಪ್ಯಾಟಿ ಜಾರ್ಜ್‌ನನ್ನು ಬಿಟ್ಟು ಕ್ಲಾಪ್ಟನ್ ಜೊತೆ ಹೋದ ಪ್ರಕರಣಕ್ಕೆ ಚಿತ್ರ ಸಾಕಷ್ಟು ಸಮಯ ಕೊಡುತ್ತದೆ. ನನಗೆ ಅದಕ್ಕಿಂತ ಒಲಿವಿಯಾರ ಮಾತು ಹಿಡಿಸಿತು. ಅವರು ಗಂಡನನ್ನು ಸಂತನನ್ನಾಗಿ ಮಾಡುವುದಿಲ್ಲ. ಹೆಂಗಸರು ಅವನನ್ನು ಇಷ್ಟಪಡುತ್ತಿದ್ದರು, ಅವನೂ ಅವರನ್ನು ಇಷ್ಟಪಡುತ್ತಿದ್ದ ಎಂದು ನೇರವಾಗಿ ಹೇಳುತ್ತಾರೆ. ದೀರ್ಘ ದಾಂಪತ್ಯದ ಗುಟ್ಟು ವಿಚ್ಛೇದನ ತೆಗೆದುಕೊಳ್ಳದಿರುವುದು ಎನ್ನುತ್ತಾರೆ. ಪ್ರೀತಿಯಿಂದ ಮಾಡಿದ ಚಿತ್ರದಲ್ಲಿ ಇಷ್ಟು ನಿಜ ಉಳಿಸಿಕೊಳ್ಳಲು ಧೈರ್ಯ ಬೇಕು.

1999ರ ಡಿಸೆಂಬರ್ 30ರ ನಸುಕಿನಲ್ಲಿ ಒಬ್ಬ ಚಾಕು ಹಿಡಿದು ಆ ಮನೆಗೆ ನುಗ್ಗಿದ. ಒಲಿವಿಯಾ ಕೈಗೆ ಸಿಕ್ಕ ವಸ್ತುಗಳಿಂದ ಅವನನ್ನು ಹೊಡೆದು ಗಂಡನ ಜೀವ ಉಳಿಸಿದರು. ಆಗಲೇ ಕ್ಯಾನ್ಸರ್ ಜೊತೆ ಸೆಣಸಿದ್ದ ಜಾರ್ಜ್ 2001ರ ನವೆಂಬರ್ 29ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡ. 58 ವರ್ಷ. ಕೊನೆಯ ಭೇಟಿಯ ಬಗ್ಗೆ ರಿಂಗೋ ಹೇಳುವುದನ್ನು ಕೇಳಿ. ಸ್ವಿಟ್ಜರ್ಲೆಂಡಿನಲ್ಲಿ ಜಾರ್ಜ್ ಹಾಸಿಗೆ ಹಿಡಿದಿದ್ದ, ಏಳಲಾಗುತ್ತಿರಲಿಲ್ಲ. ರಿಂಗೋನ ಮಗಳಿಗೆ ಮೆದುಳಿನಲ್ಲಿ ಗೆಡ್ಡೆಯಾಗಿ ಅವನು ಬಾಸ್ಟನ್ನಿಗೆ ಹೊರಡಬೇಕಿತ್ತು. ಹೊರಡುತ್ತೇನೆಂದಾಗ ಮಲಗಿದ್ದವನು ಕೇಳಿದ: ನಾನೂ ಜೊತೆಗೆ ಬರಲಾ? ಇಷ್ಟು ಹೇಳಿ ರಿಂಗೋ ಕಣ್ಣೊರೆಸಿಕೊಳ್ಳುತ್ತಾನೆ. ಮೂರೂವರೆ ಗಂಟೆಯಲ್ಲಿ ಎಷ್ಟೋ ಜನ ಜಾರ್ಜ್‌ನ ಅಧ್ಯಾತ್ಮದ ಬಗ್ಗೆ ಮಾತಾಡಿರುತ್ತಾರೆ. ಅದೆಲ್ಲ ಏನೆಂದು ನನಗೆ ತಿಳಿದದ್ದು ಇಲ್ಲಿ.

ಅವನು ಅರ್ಧಕ್ಕೆ ಬಿಟ್ಟುಹೋದ ‘ಬ್ರೇನ್‌ವಾಶ್ಡ್’ ಮುದ್ರಿಕೆಯನ್ನು ಧನಿ ಮತ್ತು ಸಂಗೀತಗಾರ ಜೆಫ್ ಲಿನ್ ಸೇರಿ ಮುಗಿಸಿದರು. 2002ರಲ್ಲಿ ಬಂತು. ಅದರಲ್ಲಿ ಮಾತಿಲ್ಲದ ಒಂದು ತುಣುಕು ಇದೆ, ‘ಮಾರ್ವಾ ಬ್ಲೂಸ್’. 2004ರಲ್ಲಿ ಗ್ರ್ಯಾಮಿ ಪಡೆದದ್ದು. ಮಾರ್ವಾ ಸಂಜೆಯ ರಾಗ, ನಮ್ಮ ಕರ್ನಾಟಕ ಸಂಗೀತದಲ್ಲಿ ಗಮನಶ್ರಮ ಮೇಳದ ಸ್ವರಗಳಿಗೆ ಹತ್ತಿರ, ಪಂಚಮ ಮಾತ್ರ ಇಲ್ಲ. ಷಡ್ಜಕ್ಕೆ ಬೇಗ ಮರಳದೆ ಕಾಯಿಸುವುದು ಅದರ ಸ್ವಭಾವ. ಜಾರ್ಜ್‌ನ ತುಣುಕಿನಲ್ಲಿ ಆ ರಾಗದ ಕಟ್ಟುನಿಟ್ಟು ಇಲ್ಲ, ಶಾಸ್ತ್ರ ಬಲ್ಲವರು ಹುಡುಕಿದರೆ ಸಿಗುವುದಿಲ್ಲ. ಅದರಲ್ಲಿರುವುದು ನಡೆ. ಸ್ವರವನ್ನು ಮುಟ್ಟುವ ಮುಂಚಿನ ತಡ, ಮುಟ್ಟಿದ ಮೇಲಿನ ನಿಲುವು, ಬಿಡುವಾಗಿನ ಜಾರು. ಸಿತಾರನ್ನು ಕೆಳಗಿಟ್ಟು ಮೂವತ್ತು ವರ್ಷವಾದ ಮೇಲೂ ಆ ಕೈಯಲ್ಲಿ ಸಿತಾರಿನ ಪಾಠ ಹಾಗೇ ಇದೆ, ರಾಗದ ಹೆಸರನ್ನೂ ಮರೆಯದೆ.

ಚಿತ್ರವನ್ನು ನೋಡುವವರು ಮೊದಲ ಭಾಗ ಮುಗಿದ ಮೇಲೆ ಸ್ವಲ್ಪ ನಿಲ್ಲಿಸಿ. ಎರಡನೆಯದನ್ನು ಶುರು ಮಾಡುವ ಮುನ್ನ ‘ಮೈ ಸ್ವೀಟ್ ಲಾರ್ಡ್’, ‘ಗಿವ್ ಮಿ ಲವ್’, ‘ಮಾರ್ವಾ ಬ್ಲೂಸ್’ ಮೂರನ್ನೂ ಇದೇ ಸಾಲಿನಲ್ಲಿ ಕೇಳಿ. ಸಾಹಿತ್ಯ ಬಿಡಿ, ಗಿಟಾರ್ ಒಂದನ್ನೇ ಹಿಂಬಾಲಿಸಿ. ಆಮೇಲೆ ಎರಡನೆಯ ಭಾಗ ನೋಡಿ.